ಮಗಳ ಲ್ಯಾಪ್‌ಟಾಪಿನ ಬಿಚ್ಚಲಾಗದ ಮೆಮರಿ

ಮಾನ್ಯ ಓದುಗರೇ,

ನಾನು ಶಾಲೆಯಲ್ಲಿ ಕಲಿತದ್ದು ಮಲಯಾಳ. ಕನ್ನಡ ಅಕ್ಷರಗಳನ್ನು ಮನೆಯಲ್ಲಿ ತಾಯಿಯವರಿಂದ ಕಲಿತವನು. ಆದ್ದರಿಂದ ನನ್ನ ಕಾಗುಣಿತವನ್ನೂ ಸೊಟ್ಟ ಕೈಬರಹವನ್ನೂ ಮೊದಲೇ ಮನ್ನಿಸಬೇಕಾಗಿ ವಿನಂತಿ.

ಕಳೆದ ವರ್ಷ, ಮಗಳು ದಿವ್ಯ ಪದವಿಯ ಕೊನೆಯ ವರ್ಷದಲ್ಲಿದ್ದಾಗ ನಡೆದ ಸಂಗತಿಯನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ನಾವು ಮಲಯಾಳ ನಾಡಿನ ಕಾಡಂಚಿನ ಊರಾದ ಕೊಳವಳ್ಳಿಯ ಕೃಷಿಕರು. ಅವಳ ಓದಿಗೆಂದು ಕಡಿಮೆ ಬೆಲೆಯ ಲ್ಯಾಪ್‌ಟಾಪ್ ಕೊಡಿಸಿದ್ದೆ. ಒಂದು ಶುಕ್ರವಾರ ಬೆಳಿಗ್ಗೆ ಅದು ಕಂಪನಿಯ ಹೆಸರನ್ನು ತೋರಿಸಿ ಅಲ್ಲಿಯೇ ನಿಂತುಬಿಟ್ಟಿತು. ಸೋಮವಾರ ಕಾಲೇಜಿಗೆ ಒಪ್ಪಿಸಬೇಕಾದ ಪ್ರಾಜೆಕ್ಟ್ ವರದಿ ಅದರೊಳಗಿತ್ತು. ಬೇರೆ ಪ್ರತಿ ಇರಲಿಲ್ಲ.

"ಹಾರ್ಡ್ ಡಿಸ್ಕ್ ಹೋಗಿರುತ್ತೆ. ಹೊಸದು ಹಾಕ್ಸಿ, ಹತ್ತು ನಿಮಿಷದ ಕೆಲಸ" ಎಂದು ನನ್ನ ಭಾವನವರು ಫೋನಿನಲ್ಲಿ ತಿಳಿಸಿದರು. ಅವರ ಮಾತನ್ನು ನಂಬಿ, ಡಿಸ್ಕನ್ನು ಮೊದಲೇ ಖರೀದಿಸಿಕೊಂಡು ಪುಲ್ಪಳ್ಳಿಯ ಕಂಪ್ಯೂಟರ್ ಅಂಗಡಿಗೆ ಹೋದೆನು. ಅಂಗಡಿಯವರು ಹಿಂಬದಿಯನ್ನು ಬಿಚ್ಚಿ ನಕ್ಕರು.

"ಚೇಟ್ಟಾ, ಅಣ್ಣಾ, ಇದನ್ನ ಎಲ್ಲಿ ಹಾಕ್ಲಿ? ನಿಮ್ಮ ತಲೆ ಮೇಲಾ? ಮೆಮರಿನ ಬೋರ್ಡಿಗೇ ಬೆಸುಗೆ ಹಾಕಿದಾರೆ."

ಎರಡನೆಯ ಅಂಗಡಿಯವರು ಬೋರ್ಡನ್ನೇ ಬದಲಿಸಬೇಕು, ಒಳಗಿರುವುದೆಲ್ಲ ಹೋಗುತ್ತದೆ ಎಂದರು. ಕಂಪನಿಯ ಸಹಾಯವಾಣಿಯು ಬಹಳ ಹೊತ್ತು ಸಂಗೀತ ಕೇಳಿಸಿ, ವಾರಂಟಿ ಮುಗಿದಿದೆ, ಹೊಸದನ್ನು ಕೊಳ್ಳಬಹುದು ಎಂದು ಸಲಹೆ ನೀಡಿತು. ಗುದ್ದಲಿಯ ಕಾವು ಮುರಿದರೆ ನಾವು ಕಾವು ಬದಲಿಸುತ್ತೇವೆಯೇ ಹೊರತು ಗುದ್ದಲಿಯನ್ನು ಎಸೆಯುವುದಿಲ್ಲ. ಮನೆಗೆ ಮರಳುವ ದಾರಿಯುದ್ದಕ್ಕೂ ಕಂಪನಿಯನ್ನೂ ಭಾವನವರನ್ನೂ ಬೈಯುತ್ತಲೇ ಇದ್ದೆನು.

ಶನಿವಾರ ಮಗಳನ್ನೂ ಕರೆದುಕೊಂಡು ಹೋಗಿ, ಬತ್ತೇರಿ ಪೇಟೆಯಲ್ಲಿ ಮೊಬೈಲ್ ದುರಸ್ತಿ ಮಾಡುವ ಸಜಿತಾ ಎಂಬವರನ್ನು ಕಂಡೆವು.

"ಫೋನಲ್ಲಿರೋ ಮೆಮರಿ ಥರಾನೇ ಇದು. ಬಿಸಿಗಾಳಿ ಕೊಟ್ಟು ಎಬ್ಬಿಸ್ಬೋದು. ಎಬ್ಬಿಸೋವಾಗ ಸತ್ತೋದ್ರೆ ನನ್ನ ಕೇಳ್ಬಾರ್ದು" ಎಂದರು.

ನಾನು ತಡವರಿಸಿದೆ. "ಮಾಡಿ ಚೇಚಿ" ಎಂದು ಆ ಅಕ್ಕನಿಗೆ ಹೇಳಿದಳು ದಿವ್ಯ.

ಉಗುರಿನಷ್ಟು ಚಿಪ್ ಎದ್ದು ಬಂದಿತು. ಅದನ್ನು ಸಣ್ಣದೊಂದು ಉಪಕರಣದಲ್ಲಿಟ್ಟು ತಮ್ಮ ಕಂಪ್ಯೂಟರಿಗೆ ಜೋಡಿಸಿದರು. ವರದಿ ಸಿಕ್ಕಿತು! ನಾನು ಉಸಿರು ಬಿಡುವಷ್ಟರಲ್ಲಿ ಸಜಿತಾ ಮಗಳನ್ನು ಕೇಳಿದರು, "ಮೋಳೇ, ನೀನು ಆನೆ ಬಗ್ಗೆ ಓದ್ತಿದೀಯಾ?"

"ಇಲ್ಲ ಚೇಚಿ. ಅದೆಲ್ಲ ಅಪ್ಪಂದು."

ಗದ್ದೆಗೆ ಆನೆ ಇಳಿದರೆ ಪರಸ್ಪರ ಎಚ್ಚರಿಸಲು ನಮ್ಮೂರಿನವರ ವಾಟ್ಸಾಪ್ ಗುಂಪೊಂದಿದೆ. ಅದರಲ್ಲಿ ಬಂದ ಪ್ರತಿಯೊಂದು ವಿಡಿಯೊವನ್ನೂ, ಮುಂದೆ ಬೆಳೆ ಪರಿಹಾರದ ಸಾಕ್ಷಿಗೆ ಬೇಕಾಗಬಹುದೆಂದು, ನನ್ನ ಫೋನ್ ತುಂಬಿದಾಗಲೆಲ್ಲ ಆ ಲ್ಯಾಪ್‌ಟಾಪಿಗೆ ತುಂಬಿಸಿದ್ದೆನು.

"ಚೇಟ್ಟಾ, ಒಂದೇ ಆನೆ, ಒಂದೇ ವಿಡಿಯೊ, ಕಳಿಸಿದವರು ಮಾತ್ರ ಬೇರೆ. ನಲವತ್ತೊಂದು ಸಲ ಇದೆ. ಇಷ್ಟು ಚಿಕ್ಕ ಮೆಮರಿಲಿ ಚೂರೂ ಜಾಗ ಬಿಡದೆ ತುಂಬಿದ್ರೆ ಬೇಗ ಸವೀದೆ ಇನ್ನೇನಾಗುತ್ತೆ?"

ನಾನು ಮಗಳ ಕಡೆಗೆ ತಿರುಗಿ, "ಮೊದಲೇ ಹೇಳೋಕೇನಾಗಿತ್ತು ನಿಂಗೆ?" ಎಂದು ಗದರಿದೆ.

"ಹೇಳಿದ್ದೆ ಅಪ್ಪಾ. ಆನೆ ವಿಡಿಯೊ ಒಂದನ್ನೂ ಮುಟ್ಬೇಡ ಅಂತ ನೀನೇ ಬೈದೆ. ಜಾಗ ಸಾಲ್ದೆ ನನ್ನ ಪಾಠದ ವಿಡಿಯೊಗಳನ್ನ ಅಳಿಸ್ಕೊಂಡೆ."

ಸಜಿತಾ ಮೊದಲಿನದರ ಎರಡರಷ್ಟು ಜಾಗವಿರುವ ಹೊಸ ಚಿಪ್ಪನ್ನು ಬೆಸೆದುಕೊಟ್ಟರು. ಸೋಮವಾರ ವರದಿ ಸಲ್ಲಿಕೆಯಾಯಿತು. ಲ್ಯಾಪ್‌ಟಾಪ್ ಇಂದಿಗೂ ಕೆಲಸ ಮಾಡುತ್ತಿದೆ. ಬಿಚ್ಚಲಾಗದಂತೆ ಅಂಟಿಸಿದ ಕಂಪನಿಯ ಮೇಲಿನ ನನ್ನ ಸಿಟ್ಟೂ ಹಾಗೆಯೇ ಇದೆ. ಆದರೆ ಯಾವ ಯಾವ ಪಾಠಗಳನ್ನು ಅಳಿಸಿದಳೆಂದು ಮಗಳನ್ನು ಕೇಳುವ ಧೈರ್ಯ ನನಗೆ ಇಂದಿನವರೆಗೂ ಬಂದಿಲ್ಲ.

ಈ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ದಯವಿಟ್ಟು ತಾವೇ ತಿದ್ದಿಕೊಂಡು ಓದಬೇಕಾಗಿ ಕೋರುತ್ತೇನೆ.