ಮೂವರು ಅಳಿಯಂದಿರು, ಒಬ್ಬಳೇ ಅತ್ತೆ

ನಮ್ಮ ಸೆಗೇರಿಯ ಹೆದ್ದಾರಿ ಬದಿಯಲ್ಲಿ ಕರಿ ಅಕ್ಕಿಹಿಟ್ಟಿಗೆ ಕಾಯಿತುರಿ ಬೆರೆಸಿ ದಾಂಗೆ ಎಂಬ ತಿಂಡಿ ಸುಟ್ಟು ಮಾರುವ ಚೆನ್ನಿಂಗ್ ಅಜ್ಜಿಯ ಬಾಯಿಗೆ ಸಾಟಿಯಿರಲಿಲ್ಲ. ಬಸ್ಸು ನಿಂತು ಹೊರಡುವಷ್ಟರಲ್ಲಿ ಪ್ರಯಾಣಿಕರ ಮಗಳ ಮದುವೆ, ಮಾವನ ಮೂಲವ್ಯಾಧಿ ಎಲ್ಲವನ್ನೂ ವಿಚಾರಿಸಿಕೊಂಡುಬಿಡುತ್ತಿದ್ದಳು. ಯಾರಿಗೂ ಇಲ್ಲ ಅನ್ನಲು ಮಾತ್ರ ಅವಳಿಗೆ ಬರುತ್ತಿರಲಿಲ್ಲ.

ಆ ವರ್ಷ ಅವಳು ಉಮ್ರಾ ಯಾತ್ರೆಗೆಂದು ಮೆಕ್ಕಾಕ್ಕೆ ಹೋದಳು. ವಾಪಸು ಬರುವ ದಿನ ಹತ್ತಿರವಾದಂತೆ, ಮಕಾಸ್ಸರ್ ವಿಮಾನ ನಿಲ್ದಾಣದಿಂದ ಅವಳನ್ನು ಊರಿಗೆ ಕರೆತರುವುದು ಹೇಗೆಂದು ಅಳಿಯಂದಿರಲ್ಲಿ ಜಗಳ ಹತ್ತಿತು. ಮೀನುಕೊಳ ಇಟ್ಟುಕೊಂಡಿದ್ದ ಹಿರಿಯಳಿಯ ಪಲಲ್ಲೋ, "ಬಸ್ ಮಾಡ್ಕೊಂಡು ಇಡೀ ಓಣೀನೇ ಹೋಗೋಣ" ಎಂದ. ನಡುವಿನವನು ಶಂಸಿರ್ ತುಸು ಕೈಬಿಗಿ. "ಒಬ್ಬ ಮುದುಕಿಗೆ ಬಸ್ ಯಾಕೆ? ಅಲ್ಲೇ ಟ್ಯಾಕ್ಸಿ ಹಿಡಿದ್ರಾಯ್ತು" ಎಂದ. ಪಟ್ಟಣದ ಆಫೀಸಿನಲ್ಲಿರುವ ಕಿರಿಯಳಿಯ ಇರ್ವಾನ್‌ಗೆ ಎರಡೂ ಅವಮಾನ. "ನಾನು ಕಾರು ಬುಕ್ ಮಾಡ್ತೀನಿ. ಡ್ರೈವರ್ ಅತ್ತೆ ಹೆಸರಿನ ಬೋರ್ಡ್ ಹಿಡ್ಕೊಂಡು ನಿಂತಿರ್ತಾನೆ."

ಮೂವರೂ ಮೆಕ್ಕಾಕ್ಕೆ ಫೋನು ಮಾಡಿದರು. ಮೂವರಿಗೂ ಅಜ್ಜಿ, "ಆಗ್ಲಪ್ಪ, ಹಂಗೇ ಮಾಡು" ಎಂದಳು.

ಹೀಗಾಗಿ, ತಲೆಯ ಮೇಲೆ ಯಾತ್ರೆ ಮುಗಿಸಿದವರು ತೊಡುವ ಮಣಿ ಹೊಲಿದ ಮುಸುಕು, ಮೊಣಕೈವರೆಗೆ ಬಳೆ ಮಿನುಗಿಸುತ್ತ ಅಜ್ಜಿ ವಿಮಾನ ನಿಲ್ದಾಣದಿಂದ ಹೊರಗೆ ಬಂದಾಗ ಮೂರೂ ಗಾಡಿಗಳು ಬಾಗಿಲು ತೆರೆದು ನಿಂತಿದ್ದವು.

"ಅತ್ತೆ, ಬಸ್ಸಿಗೆ ಬನ್ನಿ, ಊರೋರೆಲ್ಲ ಬಂದಿದಾರೆ!"

"ಟ್ಯಾಕ್ಸಿ ಮೀಟರ್ ಓಡ್ತಾ ಇದೆ ಅತ್ತೆ, ಆಮೇಲೆ ಮಾತಾಡಿ!"

ಇರ್ವಾನ್ ಮಾತ್ರ ಡ್ರೈವರ್ ಹಿಡಿದಿದ್ದ ಬೋರ್ಡಿನತ್ತ ಬೆರಳು ತೋರಿಸಿದ, ಅಷ್ಟೆ. ಅಜ್ಜಿ ತನ್ನ ಹೆಸರು ಅಷ್ಟು ದಪ್ಪ ಅಕ್ಷರದಲ್ಲಿ ಕಂಡಿದ್ದು ಅದೇ ಮೊದಲು. ಕಾಲುಗಳು ತಾವಾಗಿಯೇ ಅತ್ತ ಹೊರಳಿದವು. ಶಂಸಿರ್ ಮುನಿಯದಿರಲೆಂದು ಮೆಕ್ಕಾದಿಂದ ತಂದ ಪುಣ್ಯತೀರ್ಥದ ಕ್ಯಾನನ್ನು ಅವನ ತೋಳಿಗೆ ಹಾಕಿ, ಸೂಟ್‌ಕೇಸುಗಳ ಜೊತೆ ಕಾರು ಹತ್ತಿದಳು. ಇರ್ವಾನ್ ಮುಂದೆ ಕೂತ. ಬಸ್ಸು, ಟ್ಯಾಕ್ಸಿ ಹಿಂದೆಯೇ ಹೊರಟವು.

ಕಾರು ತಣ್ಣಗಿತ್ತು, ಮೆತ್ತಗಿತ್ತು. ಅಜ್ಜಿ ಮೆಕ್ಕಾದ ಕತೆ ಶುರುಮಾಡಿದಳು. ಇರ್ವಾನ್ ಕಿವಿಯಲ್ಲಿ ಆಫೀಸಿನ ಫೋನು. ಚಾಲಕ ಯೋಸೆಪ್, ತೊರಾಜಾ ಬೆಟ್ಟದ ಹುಡುಗ, ತುಟಿ ಬಿಚ್ಚಲಿಲ್ಲ.

"ಯಾಕಪ್ಪ, ಹಲ್ಲುನೋವಾ?"

"ಗಿರಾಕಿ ಜೊತೆ ಹರಟಬಾರ್ದು ಅಂತ ಕಂಪನಿ ಆರ್ಡರ್ ಅಮ್ಮ."

ಹನ್ನೆರಡು ದಿನದ ಮಾತು ಎದೆಯಲ್ಲಿ ಉಕ್ಕುತ್ತಿದ್ದವಳಿಗೆ ಉಸಿರು ಕಟ್ಟಿತು. ದಾರಿಯ ಮಾರೋಸ್ ಪೇಟೆಯಲ್ಲಿ ಬ್ರೆಡ್ ಕೊಳ್ಳಲು ಎಲ್ಲರೂ ನಿಂತಾಗ ಅಜ್ಜಿ ಕಾರಿನಿಂದಿಳಿದು ನೇರ ಬಸ್ಸು ಹತ್ತಿದಳು. "ಅತ್ತೆ, ದುಡ್ಡು ಕಟ್ಟಿದೀನಿ!" ಎಂದು ಬೇಡಿಕೊಳ್ಳುತ್ತ ಹಿಂದೆಯೇ ಹತ್ತಿದ ಇರ್ವಾನ್‌ನನ್ನೂ ಹೊತ್ತು ಬಸ್ಸು ಹೊರಟೇಬಿಟ್ಟಿತು. ಅಜ್ಜಿ ದಾರಿಯುದ್ದಕ್ಕೂ ಗುರುತಿನ ಅಂಗಡಿಗಳೆದುರು ಬಸ್ಸು ನಿಲ್ಲಿಸಿ, ಕೈಚೀಲದ ಖರ್ಜೂರ ಹಂಚಿ, ಕತೆ ಹೇಳಿದಳು. ಟ್ಯಾಕ್ಸಿ ಬಸ್ಸಿನ ಹಿಂದೆಯೇ ತೆವಳಿತು. ಅದರೊಳಗೆ ಶಂಸಿರ್ ಕ್ಯಾನು ತಬ್ಬಿಕೊಂಡು ಮೀಟರನ್ನೇ ನೋಡುತ್ತಿದ್ದ.

ಸೂಟ್‌ಕೇಸು ತಲುಪಿಸಬೇಕಿದ್ದ ಯೋಸೆಪ್‌ಗೆ ಮಾತ್ರ ನಿಲ್ಲುವ ಕೆಲಸವಿರಲಿಲ್ಲ. ಅವನ ಕಪ್ಪುಗಾಜಿನ ಕಾರು ಎಲ್ಲರಿಗಿಂತ ಮೊದಲು ನಮ್ಮ ಓಣಿಗೆ ಬಂತು. ಸ್ವಾಗತಕ್ಕೆಂದು ಊರಲ್ಲೇ ಉಳಿದಿದ್ದ ನಾವು ಅಜ್ಜಿಯೇ ಬಂದಳೆಂದು ಡೋಲು ಬಡಿಸಿದೆವು. ಬಾಗಿಲು ತೆರೆದದ್ದೇ ತಡ, ಬೊಗಸೆ ಬೊಗಸೆ ಅರಳು ಅವನ ತಲೆಮೇಲೆ ಸುರಿಯಿತು. ಅಜ್ಜಿಯ ಅಕ್ಕ ಹುನೈಬಾಳ ಕಣ್ಣಿಗೆ ಪೊರೆ. ಅವನ ಕೈ ಹಿಡಿದು ಮುತ್ತಿಟ್ಟು, "ಅಯ್ಯೋ ಚೆನ್ನಿಂಗ್, ಎಷ್ಟು ಒರಟಾಗಿದೆ ಕೈ! ಅಲ್ಲಿ ಕಲ್ಲು ಹೊರಿಸಿದ್ರಾ?" ಎಂದು ಅತ್ತಳು.

"ಅಜ್ಜಿ, ನಾನು ಡ್ರೈವರ್ರು! ಚರ್ಚಿಗೆ ಹೋಗೋನು!"

ನಗು ಎದ್ದಿತು. ಆದರೆ ಅರಳು ಬಿದ್ದ ಮನುಷ್ಯನನ್ನು ಬರಿಹೊಟ್ಟೆಯಲ್ಲಿ ಕಳಿಸುವುದುಂಟೆ? ಅಜ್ಜಿಗೆಂದು ಹಾಸಿದ್ದ ದಿಂಬಿನ ಮೇಲೆ ಕೂರಿಸಿ ಬಡಿಸತೊಡಗಿದೆವು.

ಬಸ್ಸು ಬಂದಾಗ ಡೋಲಿನವರೂ ಊಟಕ್ಕೆ ಕೂತಿದ್ದರು. ಅರಳಿನ ತಟ್ಟೆ ಖಾಲಿ. ಬಾಗಿಲಲ್ಲಿ ನಿಂತ ಅಜ್ಜಿಯ ಕಣ್ಣಿಗೆ ಬಿದ್ದದ್ದು, ತನ್ನ ದಿಂಬಿನ ಮೇಲೆ ಮೀನಿನ ತಲೆ ಚೀಪುತ್ತಿದ್ದ ಯೋಸೆಪ್. ಹುಡುಗ ಗಾಬರಿಯಿಂದ ಎದ್ದ.

"ಕೂತ್ಕೊಳೋ ಮಗನೇ," ಎಂದಳು ಅಜ್ಜಿ. "ಕಾರಲ್ಲಿ ಬಾಯೇ ಬಿಡ್ಲಿಲ್ಲ. ಇಲ್ಲಿ ಚೆನ್ನಾಗೇ ಬಿಡ್ತಿದೀಯ!"

ಆಮೇಲೆ ಅವನ ಪಕ್ಕದಲ್ಲೇ ಕೂತು, ಕತೆಯನ್ನು ಮೊದಲಿನಿಂದ ಶುರುಮಾಡಿದಳು. ಬಾಯಲ್ಲಿ ಅನ್ನ ಇದ್ದುದರಿಂದ ಯೋಸೆಪ್ ಈಗಲೂ ಹೂಂಗುಟ್ಟುವುದಷ್ಟೇ ಮಾಡಿದ. ಶಂಸಿರ್ ಹೊರಗೆ ಟ್ಯಾಕ್ಸಿಯವನೊಡನೆ ಇನ್ನೂ ಚೌಕಾಸಿ ಮಾಡುತ್ತಿದ್ದ.