ಬೀಳದೆ ಉಳಿದ ಧಾ

ಕೋವಿಡ್ ತಗ್ಗಿದ ನಂತರದ ಮೊದಲ ಚಳಿಗಾಲ. ಆಗ ನಾನು ಡೆಟ್ರಾಯಿಟ್ ಬಳಿಯ ಫಾರ್ಮಿಂಗ್ಟನ್ ಹಿಲ್ಸ್‌ನ ಒಂದು ಕ್ಲಿನಿಕ್ಕಿನಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ ಆಗಿದ್ದೆ. ಸ್ಟ್ರೋಕ್ ಆದವರಿಗೆ ಗುಂಡಿ ಹಾಕುವುದು, ಚಮಚ ಹಿಡಿಯುವುದು ಮುಂತಾದ ನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವುದು ನನ್ನ ವೃತ್ತಿ. ಸಂಗೀತದ ಗಂಧಗಾಳಿಯೂ ನನಗಿರಲಿಲ್ಲ.

ಆಗ ನನ್ನಲ್ಲಿ ಚಿಕಿತ್ಸೆಗೆ ಬಂದ ಪಾಟೀಲರು ಮೂಲತಃ ಧಾರವಾಡದವರು, ಪ್ಲಿಮತ್‌ನಲ್ಲಿ ಮನೆ. ಕಾರಿನ ಬಿಡಿಭಾಗಗಳ ಕಂಪನಿಯಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದ ಮೇಲೆ ಬೇಸ್‌ಮೆಂಟಿನಲ್ಲಿ ತಬಲಾ ಹೇಳಿಕೊಡುತ್ತಿದ್ದರು. ಸ್ಟ್ರೋಕ್ ಆಗಿ ಬಲಗೈ ಪೂರ್ತಿ ಬಿದ್ದುಹೋಗಿತ್ತು. ಆದರೆ ಅವರ ದೂರು ಬೇರೆಯೇ.

“ಕೈ ಸತ್ತಿಲ್ರಿ. ಬಾರಸಾಕ ಹತ್ತೈತಿ. ಹಗಲೂ ರಾತ್ರಿ, ನಿಲ್ಲವಲ್ದು.”

ತೊಡೆಯ ಮೇಲಿದ್ದ ಆ ಕೈಯನ್ನು ನೋಡಿದೆ. ಒಂದು ಬೆರಳೂ ಅಲುಗುತ್ತಿರಲಿಲ್ಲ. ಇಲ್ಲದ ಚಲನೆಯನ್ನು ಮೆದುಳು ಅನುಭವಿಸುವುದುಂಟು ಎಂದು ಓದಿದ್ದೆ. ಆದರೂ ಅವರ ಕಣ್ಣುಗಳು ಅಲುಗದ ಬೆರಳುಗಳನ್ನು ಹಿಂಬಾಲಿಸುತ್ತಿದ್ದವು. ನಿದ್ದೆಯಿಲ್ಲದೆ ಅವರು ಸೊರಗಿದ್ದರು. “ಹಿಂಗ ಆದ್ರ ಇವರಿಗೆ ಹುಚ್ಚು ಹಿಡಿತೈತ್ರಿ,” ಎಂದು ಹೆಂಡತಿ ಶಾಂತಾ ಆಂಟಿ ಅತ್ತುಬಿಟ್ಟರು.

ನಾನು ಮಿರರ್ ಥೆರಪಿಗೆ ಕೈಹಾಕಿದೆ. ಎರಡು ಕೈಗಳ ನಡುವೆ ಕನ್ನಡಿಯಿಟ್ಟು ಎಡಗೈ ಆಡಿಸಿದರೆ, ಬಲಗೈಯೇ ಆಡಿದಂತೆ ಕಾಣುತ್ತದೆ. ಎಷ್ಟೋ ಸಲ ಅಷ್ಟಕ್ಕೇ ಮೆದುಳಿಗೆ ಸಮಾಧಾನವಾಗುತ್ತದೆ.

“ಅಂಕಲ್, ಕನ್ನಡಿ ನೋಡ್ಕೊಂಡು ಎಡಗೈಲಿ ಸ್ವಲ್ಪ ಬಾರಿಸಿ,” ಎಂದೆ.

ಬಾರಿಸುತ್ತಲೇ ಅವರ ಮುಖ ಬಿಳಿಚಿಕೊಂಡಿತು. “ಯಾರ ಕೈ ಇದು? ತಗೀರಿ! ನನ್ನ ಬಲಗೈ ಡಗ್ಗಾ ಬಾರಸಂಗಿಲ್ಲ!”

ಆಮೇಲೆ ಅವರೇ ಬಿಡಿಸಿ ಹೇಳಿದರು: ತಬಲಾ ಜೋಡಿಯಲ್ಲಿ ಎಡಗೈ ತಗ್ಗುದನಿಯ ಡಗ್ಗಾದ್ದು, ಬಲಗೈ ಚಿಕ್ಕ ತಬಲಾದ್ದು. ಎರಡರ ಚಲನೆಯೂ ಬೇರೆ. ಎರಡೂ ಒಟ್ಟಿಗೆ ಬಿದ್ದರೆ ಮಾತ್ರ ‘ಧಾ’. ನಾನು ಅವರಿಗೆ ತೋರಿಸಿದ್ದು ಬಲಗೈಯ ವೇಷ ಹಾಕಿದ ಎಡಗೈಯನ್ನು. ಕನ್ನಡಿ ತೆಗೆದಿಟ್ಟು, ಆ ಕೈ ಏನು ಬಾರಿಸುತ್ತಿದೆ ಎಂದು ಕೇಳಿದೆ.

“ತಿಹಾಯಿ,” ಎಂದರು. ಒಂದೇ ತುಂಡನ್ನು ಮೂರು ಸಲ ಬಾರಿಸಿ, ಕೊನೆಯ ಪೆಟ್ಟನ್ನು ತಾಳದ ಮೊದಲ ಎಣಿಕೆಯಾದ ಸಮದ ಮೇಲೆ ತಂದಿಳಿಸುವುದೇ ತಿಹಾಯಿ. ಪಾಠ ಹೇಳುತ್ತ ಅದನ್ನು ಬಾರಿಸುವಾಗಲೇ ಅವರಿಗೆ ಸ್ಟ್ರೋಕ್ ಆಗಿತ್ತು. “ಕಡೀ ಧಾ ಬೀಳಲಿಲ್ಲ. ಅವತ್ತಿಂದ ಕೈ ಅಲ್ಲೀತನಕ ಬರ್ತೈತಿ, ಬೀಳಂಗಿಲ್ಲ, ತಿರುಗಿ ಸುರು ಮಾಡ್ತೈತಿ.”

ಹಾಗಾದರೆ ಆ ಧಾವನ್ನು ಬೀಳಿಸಿಯೇ ನೋಡೋಣ ಎಂದೆ. ಮುಂದಿನ ಭೇಟಿಗೆ ಆಂಟಿ ತಬಲಾ ಜೋಡಿಯನ್ನು ಕಾರಿನಲ್ಲಿ ತಂದರು. ಪಾಟೀಲರು ಬಾಯಲ್ಲಿ ಒಂದೊಂದು ಪೆಟ್ಟಿನ ಹೆಸರಾದ ಬೋಲು ಹೇಳುತ್ತ ಎಡಗೈಯನ್ನು ಡಗ್ಗಾದ ಮೇಲೆ ಆಡಿಸಿದರು. ಆಂಟಿ ಅವರ ಬಲಗೈಯನ್ನು ಎತ್ತಿ ಹಿಡಿದು ಕಾದರು. ಮದುವೆಯಾದಾಗಿನಿಂದ ಕೇಳಿದ್ದ ಕಿವಿ. ಯಾರೂ ಸನ್ನೆ ಮಾಡಬೇಕಾಗಲಿಲ್ಲ. ಮೂರನೆಯ ಸಲದ ಕೊನೆಗೆ, ಎಡಗೈ ಬಿದ್ದ ಗಳಿಗೆಯಲ್ಲೇ, ಆ ಕೈಯನ್ನು ತಬಲಾದ ಮೇಲೆ ಬಡಿದರು. ಧಾ.

ಪಾಟೀಲರ ಕಣ್ಣುಗಳು ಆ ಬೆರಳುಗಳನ್ನು ಹಿಂಬಾಲಿಸುವುದನ್ನು ಬಿಟ್ಟವು.

“ನಿಂತತೇನ್ರಿ?” ಎಂದು ಆಂಟಿ ಮೆಲ್ಲಗೆ ಕೇಳಿದರು.

“ನಿಂತತು,” ಎಂದರು. ಆಮೇಲೆ ಬಲಗೈಯನ್ನು ಎಡಗೈಯಿಂದ ಸವರಿ, “ಈಗ ಖರೇನ ಸತ್ತೈತಿ,” ಎಂದರು.

ಅಂದಿನಿಂದ ಅವರಿಗೆ ನಿದ್ದೆ ಬಂತು. ಮತ್ತೆ ತಬಲಾದ ಮುಂದೆ ಮಾತ್ರ ಕೂರಲಿಲ್ಲ. ನಾನು ಮಾಡಿದ್ದು ಚಿಕಿತ್ಸೆಯೋ ಅಂತ್ಯಸಂಸ್ಕಾರವೋ, ನನಗಿನ್ನೂ ತಿಳಿದಿಲ್ಲ. ಕೈಗೂ ತನ್ನದೇ ನೆನಪು, ತನ್ನದೇ ಹಟ ಇರುತ್ತದೆ ಎಂಬುದನ್ನು ಮಾತ್ರ ಕಲಿತೆ. ಈಗ ಹೊಸಬರು ಯಾರೇ ಬರಲಿ, ಕೈ ಎಷ್ಟು ಮೇಲೇಳುತ್ತದೆ ಎಂದು ಅಳೆಯುವ ಮೊದಲು, ಅದು ಯಾವ ಕೆಲಸದ ನಡುವೆ ನಿಂತಿತು ಎಂದು ಕೇಳುತ್ತೇನೆ. ಉತ್ತರಕ್ಕೆ ಕಾಯುವಾಗ ಪ್ರತಿ ಸಲವೂ ಭಯವಾಗುತ್ತದೆ.