ರೆಪ್ಪೆ ಮೇಲೆದ್ದ ಮೇಲೆ ಕಂಡ ಗೊನೆ

ಸ್ನೇಹಿತರೇ, ಕಣ್ಣಿಗೆ ಅಡ್ಡ ಬರುವಷ್ಟು ಜೋಲುಬಿದ್ದಿದ್ದ ನನ್ನ ಮೇಲ್ರೆಪ್ಪೆಗಳಿಗೆ ಹೋದ ತಿಂಗಳು ತುಮಕೂರಿನಲ್ಲಿ ಆಪರೇಷನ್ ಆಯಿತು. ಮುಖ ಗೆಲುವಾಯಿತೆಂದು ಎಲ್ಲರೂ ಹೊಗಳುತ್ತಿದ್ದಾರೆ. ಇವತ್ತು ತೆಂಗಿನ ತೋಟದಲ್ಲಿ ಕಾಯಿ ಕೀಳಿಸುವಾಗ, ಎಂದಿನಂತೆ ಕೆಳಗೆ ನಿಂತು ಬೆರಳು ತೋರಿಸಿದೆ.

"ಸಿದ್ದಣ್ಣ, ಆ ಬಲಿತ ಗೊನೆ ಕೀಳಪ್ಪ."

ಮರದ ಮೇಲಿಂದ ಸಿದ್ದಣ್ಣ ನಕ್ಕ. "ಇವತ್ತು ಸರಿಯಾಗಿ ತೋರ್ಸಿದ್ರಿ ಕಣಕ್ಕ. ಇಷ್ಟು ವರ್ಷ ನೀವು ತೋರ್ಸಿದ್ದೆಲ್ಲ ಎಳೇ ಗೊನೆ. ನಾನೇ ಬಲ್ತಿದ್ದು ನೋಡಿ ಕೆಡವ್ತಿದ್ದೆ."

"ಹೇಳ್ಬಾರ್ದಿತ್ತೇನಪ್ಪ?"

"ಬೇಜಾರು ಮಾಡ್ಕೊತೀರಾ ಅಂತ ಸುಮ್ನಿದ್ದೆ."

ತೋರಿಸಿದ್ದು ಕೀಳುವುದಿಲ್ಲವೆಂದು ಪ್ರತಿ ಸಲವೂ ಅವನನ್ನು ಬೈದಿದ್ದೆ. ಡಾಕ್ಟರು ನನ್ನ ಕಣ್ಣು ಸರಿಮಾಡುವ ಮೊದಲೇ ನನ್ನ ತೋಟ ಕಾದವನು ಅವನು. ಕೆಳಗಿಳಿದವನಿಗೆ ಕಾಫಿ ಕೊಟ್ಟು, ಕ್ಷಮೆ ಕೇಳಲು ಬಾಯಿ ತೆರೆದೆ.

"ಇನ್ಮೇಲೆ ಬೈರಿ ಕಣಕ್ಕ," ಎಂದ, "ಈಗ ಕಾಣ್ತೈತಲ್ಲ."